ಹಳೇ ಜರ್ಮನ್ ಡೀಸೆಲ್‌ನ ಚೈನ್ ರಿಪೇರಿ: ಶೋರೂಮ್, ಹೊರಗಿನ ಗ್ಯಾರೇಜ್, ಡೆಲ್ಲಿ ಎಂಜಿನ್

ನನ್ನದು 2 ಲೀಟರ್ ಡೀಸೆಲ್‌ನ ಜರ್ಮನ್ ಸೆಡಾನ್, 2011ರ ಮಾಡೆಲ್. ಭಾವನ ಕಾರಿನಲ್ಲೂ ಅದೇ ಎಂಜಿನ್. ಎರಡಕ್ಕೂ ಬಂದ ಕಾಯಿಲೆಯೂ ಒಂದೇ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕರಕರ ಸದ್ದು. ಆಮೇಲೆ 1500ರಿಂದ 2000 ಆರ್‌ಪಿಎಂ ಒಳಗೆ ಲೋಹ ಉಜ್ಜಿದ ಹಾಗೆ ಕೇಳುತ್ತದೆ. ಟೈಮಿಂಗ್ ಚೈನ್! ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವ ಹಾಗೆ ನೋಡಿಕೊಳ್ಳುವ ಸರಪಳಿ. ಎಷ್ಟೋ ಕಾರುಗಳಲ್ಲಿ ಇದು ಎಂಜಿನ್‌ನ ಮುಂದುಗಡೆ ಇರುತ್ತದೆ. ಇದರಲ್ಲಿ ಗೇರ್‌ಬಾಕ್ಸ್ ಕಡೆಗೆ ಇಟ್ಟಿದ್ದಾರೆ. ಹೊಸ ಚೈನ್ ಕಿಟ್ ಬೆಲೆ ಹೇಗೋ ತಡೆದುಕೊಳ್ಳಬಹುದು. ಅದನ್ನು ಹಾಕೋಕೆ ಎಂಜಿನ್ನೋ ಗೇರ್‌ಬಾಕ್ಸೋ ಇಳಿಸಬೇಕಲ್ಲ, ದುಡ್ಡು ಕರಗುವುದು ಅಲ್ಲಿ.

ಶೋರೂಮ್ ಸರ್ವೀಸ್‌ನಲ್ಲಿ ಕೊಟ್ಟ ಎಸ್ಟಿಮೇಟ್ ಕಾರು ಮಾರಿದರೆ ಬರುವ ದುಡ್ಡಿಗಿಂತ ಜಾಸ್ತಿ ಇತ್ತು. ವಾರಂಟಿ ಮುಗಿದ ಕಾರಿಗೆ ಆ ದಾರಿ ಸುಮ್ನೆ. ಆದರೆ ಚೆಕಿಂಗ್ ಮಾತ್ರ ಅಚ್ಚುಕಟ್ಟು, ಅದಕ್ಕೆ ಕೊಟ್ಟ ದುಡ್ಡು ದಂಡ ಅಲ್ಲ.

ನಾನು ಹೋಗಿದ್ದು ಜರ್ಮನ್ ಕಾರುಗಳನ್ನೇ ನೋಡುವ ಹೊರಗಿನ ಗ್ಯಾರೇಜಿಗೆ. ಅವರು ಮೊದಲು ಆಯಿಲ್ ಸಂಪ್, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿ ಬಿಚ್ಚಿದರು. ಒಳಗೆ ಪ್ಲಾಸ್ಟಿಕ್ ಚೂರು ಸಿಕ್ಕರೆ ಚೈನ್ ಗೈಡ್ (ಚೈನ್ ಜಾರುವ ಪ್ಲಾಸ್ಟಿಕ್ ಪಟ್ಟಿ) ಒಡೆದಿದೆ ಅಂತ ಅರ್ಥ. ನನ್ನದರಲ್ಲಿ ಸಿಕ್ಕಿತು. ಆದರೆ ಚೈನ್ ಹಲ್ಲು ತಪ್ಪಿರಲಿಲ್ಲ. ತಪ್ಪಿದ್ದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಕಥೆಯೇ ಬೇರೆ ಆಗುತ್ತಿತ್ತು. ಇಲ್ಲಿ ಒಂದು ಮಾತು ಮೊದಲೇ ಕೇಳಿಕೊಳ್ಳಿ. ಈ ಎಂಜಿನ್‌ನ ಶುರುವಿನ ಕೆಲವು ವರ್ಷಗಳಲ್ಲಿ ಚೈನ್ ತಿರುಗಿಸುವ ಹಲ್ಲು ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡದಲ್ಲೇ, ಅಂದರೆ ಕ್ರ್ಯಾಂಕ್‌ಶಾಫ್ಟ್‌ನಲ್ಲೇ ಕಡೆದಿದ್ದಾರೆ. ಅದು ಸವೆದಿದ್ದರೆ ಕ್ರ್ಯಾಂಕ್ ಪೂರ್ತಿ ಬದಲಾಯಿಸಬೇಕು. ನನ್ನ ಕಾರಿನಲ್ಲಿ ಚೈನ್, ಗೈಡ್, ಚೈನ್ ಬಿಗಿ ಹಿಡಿಯುವ ಟೆನ್ಷನರ್ ಎಲ್ಲ ಹೊಸದು ಹಾಕಿದರು. ಶೋರೂಮ್ ಹೇಳಿದ್ದರಲ್ಲಿ ಅರ್ಧಕ್ಕಿಂತ ಕಮ್ಮಿಗೆ ಕೆಲಸ ಮುಗಿಯಿತು. ಹೇಗೂ ಬಿಚ್ಚಿದ್ದಾರೆ ಅಂತ ಎಂಜಿನ್ ಹಿಂಬದಿಯ ಆಯಿಲ್ ಸೀಲ್ ಕೂಡ ಹೊಸದು ಹಾಕಿಸಿದೆ.

ಭಾವನ ಕಾರಿನಲ್ಲಿ ಚೈನ್ ತುಂಡಾಗಿತ್ತು. ಅವರು ಡೆಲ್ಲಿಯಿಂದ ಸೆಕೆಂಡ್ ಹ್ಯಾಂಡ್ ಎಂಜಿನ್ ತರಿಸಿದರು. 10 ವರ್ಷ ದಾಟಿದ ಡೀಸೆಲ್ ಕಾರು ಡೆಲ್ಲಿಯಲ್ಲಿ ಓಡಿಸಬಾರದು ಅಂತ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಮಾಡಿದ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿದಿತ್ತು. ಹಾಗಾಗಿ ಅಲ್ಲಿ ಒಳ್ಳೊಳ್ಳೆ ಕಾರುಗಳೂ ಬಿಡಿಭಾಗವಾಗಿ ಡೆಲ್ಲಿಯ ಗುಜರಿ ಮಾರ್ಕೆಟ್ ಮಾಯಾಪುರಿ ಸೇರುತ್ತಿದ್ದವು. ಎಂಜಿನ್ ಅಗ್ಗಕ್ಕೆ ಸಿಗುವುದು ನಿಜ. ಆದರೆ ಆ ಎಂಜಿನ್‌ನಲ್ಲಿ ಇರುವುದೂ ಅದೇ ವಯಸ್ಸಿನ, ಅದೇ ಚೈನ್ ಅಲ್ವಾ! ಅದು ಎಷ್ಟು ಓಡಿದೆ ಅನ್ನೋದಕ್ಕೆ ಮಾರಿದವನ ಮಾತೇ ಸಾಕ್ಷಿ. ಕೂರಿಸುವ ಮುಂಚೆ ಹೊಸ ಕಿಟ್ ಹಾಕಿಸಲೇಬೇಕು. ಹಾಕಿಸಿದರೆ ಅಗ್ಗ ಅನ್ನೋದು ಉಳಿಯಲ್ಲ. ಇಂಜೆಕ್ಟರ್ ಕೋಡಿಂಗ್, ಅಂದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಕೋಡ್ ಕಾರಿನ ಕಂಪ್ಯೂಟರ್‌ಗೆ ಹಾಕುವ ಕೆಲಸ ಬೇರೆ ಆಗಬೇಕು. ಇನ್ನು ಆರ್‌ಟಿಓ. ಎಂಜಿನ್ ನಂಬರ್ ಆರ್‌ಸಿಯಲ್ಲಿ ಬದಲಾಗಬೇಕು, ಅದಕ್ಕೆ ಎಂಜಿನ್‌ನ ಬಿಲ್ಲು, ದಾಖಲೆ ಬೇಕು. ಭಾವ ಅದಕ್ಕೆ ಅಲೆದಾಡಿದ್ದು ನೋಡಿದರೆ ಎಂಜಿನ್ ಕೂರಿಸಿದ್ದೇ ಸುಲಭ ಅನ್ನಿಸುತ್ತದೆ. ನಂಬರ್ ಬದಲಾಯಿಸದೆ ಓಡಿಸಿದರೆ ಇನ್ಶೂರೆನ್ಸ್ ಕ್ಲೇಮ್‌ಗೂ, ನಾಳೆ ಕಾರು ಮಾರೋಕೂ ತೊಂದರೆ.

ಎರಡೂ ಕಾರು ಓಡಿಸಿದ್ದೇನೆ. ನನ್ನದು ಈಗ ನುಣ್ಣಗೆ ಓಡುತ್ತದೆ. ಭಾವನದ್ದು ಎಳೆತದಲ್ಲಿ ಕಮ್ಮಿ ಇಲ್ಲ, ಆದರೆ ಐಡಲ್‌ನಲ್ಲಿ ಸ್ವಲ್ಪ ನಡುಗುತ್ತದೆ. ಬರೀ ಸದ್ದಿದ್ದರೆ ಕಾರು ನಿಲ್ಲಿಸಿ, ಟೋ ಮಾಡಿಸಿ ಚೈನ್ ಹಾಕಿಸಿ. ಹೆಡ್ಡು, ಪಿಸ್ಟನ್ ಎರಡೂ ಹೋಗಿದ್ದರೆ ಮಾತ್ರ ಡೆಲ್ಲಿ ಎಂಜಿನ್ ಯೋಚಿಸಿ, ಅದೂ ಕಾಗದ ಪತ್ರ ಕೈಗೆ ಬಂದ ಮೇಲೆ. ಆಯಿಲ್ ಬದಲಾಯಿಸೋಕೆ ಡ್ಯಾಶ್‌ಬೋರ್ಡ್ ನೆನಪಿಸುವ ತನಕ ನಾವಿಬ್ಬರೂ ಈಗ ಕಾಯಲ್ಲ. 10,000 ಕಿಲೋಮೀಟರ್ ಆಗುವ ಮುಂಚೆಯೇ ಹಾಕಿಸುತ್ತೇವೆ.