ರಕ್ಷಣಾ ವಕೀಲರ ಕಚೇರಿಗೆ ಯಾರು: ಕೇಸಿನ ಹೊರೆ ಇಳಿಸುವವರೋ, ಕಕ್ಷಿದಾರರ ಬದುಕನ್ನೂ ನೋಡುವವರೋ?

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಫ್ಲಾರಿಡಾದಲ್ಲಿ ಬಡ ಆರೋಪಿಗಳ ಪರ ವಾದಿಸುವ ಸರ್ಕಾರಿ ಕಚೇರಿಯ ಮುಖ್ಯಸ್ಥರನ್ನು ಜನರೇ ಮತ ಹಾಕಿ ಆರಿಸುತ್ತಾರೆ. ಅಲ್ಲಿ ಪೌರತ್ವ ಪಡೆದ ಕನ್ನಡಿಗರ ಮತಪತ್ರದಲ್ಲೂ ಈ ಹುದ್ದೆ ಇರುತ್ತದೆ. ದಯವಿಟ್ಟು ಅದನ್ನು ಖಾಲಿ ಬಿಡಬೇಡಿ.

ಒಬ್ಬ ಅಭ್ಯರ್ಥಿಯ ಆದ್ಯತೆ, ಕೇಸಿನ ಹೊರೆ ಇಳಿಸುವುದು ಎಂದುಕೊಳ್ಳಿ. 1973ರ ರಾಷ್ಟ್ರೀಯ ಮಾನದಂಡ ಒಬ್ಬ ವಕೀಲರಿಗೆ ವರ್ಷಕ್ಕೆ 150 ಗಂಭೀರ ಕೇಸುಗಳವರೆಗೆ ಒಪ್ಪಿತ್ತು. ಭಾನುವಾರವೂ ದುಡಿದರೂ ಒಂದು ಕೇಸಿಗೆ ಎರಡೂವರೆ ದಿನ ಸಿಗದು! 2023ರಲ್ಲಿ ಸಂಶೋಧನೆ ನಡೆಸುವ ರ್‍ಯಾಂಡ್ ಸಂಸ್ಥೆ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆಯಾಗಬಹುದಾದ ಕೇಸೊಂದಕ್ಕೇ ಸರಾಸರಿ 286 ಗಂಟೆ ಬೇಕು.

ಇನ್ನೊಬ್ಬರದು, ವಕೀಲರ ಪಕ್ಕದಲ್ಲೇ ಸಮಾಜಕಾರ್ಯಕರ್ತರನ್ನೂ ವಸತಿ, ವಲಸೆ ಕಾನೂನು ಬಲ್ಲವರನ್ನೂ ಕೂರಿಸುವುದು. ನ್ಯೂಯಾರ್ಕಿನ ಬ್ರಾಂಕ್ಸ್ ಡಿಫೆಂಡರ್ಸ್ ಎಂಬ ರಕ್ಷಣಾ ವಕೀಲರ ಸಂಸ್ಥೆ 1997ರಿಂದ ಹೀಗೆ ನಡೆದಿದೆ. 2019ರ ಅಧ್ಯಯನವೊಂದರಲ್ಲಿ ಇದರಿಂದ ಜೈಲು ಶಿಕ್ಷೆಯ ಸಾಧ್ಯತೆ 16%, ಶಿಕ್ಷೆಯ ನಿರೀಕ್ಷಿತ ಅವಧಿ 24% ತಗ್ಗಿದ್ದು ಕಂಡಿತು. ದೋಷಿ ಎಂಬ ತೀರ್ಪುಗಳು ಮಾತ್ರ ಕಡಿಮೆಯಾಗಲಿಲ್ಲ.

ನಿಮ್ಮೂರಿನ ವಕೀಲರು ಕಕ್ಷಿದಾರರನ್ನು ಕೋರ್ಟಿನ ಜಗಲಿಯಲ್ಲೇ ಮೊದಲ ಸಲ ಭೇಟಿಯಾಗುವಂತಿದ್ದರೆ ನಾನು ಮೊದಲನೆಯವರನ್ನೇ ಆರಿಸುತ್ತೇನೆ. ಪುರುಸೊತ್ತಿಲ್ಲದ ವಕೀಲರಿಗೆ ಯಾವ ತಂಡ ಕೊಟ್ಟರೇನು? ಹೊರೆ ಹದದಲ್ಲಿದ್ದು ವಲಸಿಗರು ಹೆಚ್ಚಿರುವ ಊರಾದರೆ ಎರಡನೆಯವರು. ತಪ್ಪೊಪ್ಪಿಗೆಯಿಂದ ಗಡೀಪಾರಾಗುವ ಅಪಾಯವನ್ನು ವಕೀಲರು ತಿಳಿಸಲೇಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಇಬ್ಬರಲ್ಲಿ ಯಾರೇ ಆಗಲಿ, ಹಣ ಎಲ್ಲಿಂದ ತರುತ್ತೀರಿ ಎಂದು ಮೊದಲು ಕೇಳಿ.