ಸಿಂಗಾಪುರದ ಸಂಬಳ, ತೀರ್ಥಹಳ್ಳಿಯ ರಿಟರ್ನ್: ವೆಬ್‌ಸೈಟಾ, ಆಡಿಟರಾ, ನಾವೇನಾ?

ಕೆಲಸ ಸಿಂಗಾಪುರದ ಕಂಪನಿಯದು, ಸಂಬಳ ಬೀಳುವುದು ಅಲ್ಲಿನ ಬ್ಯಾಂಕಿಗೆ. ವರ್ಷದಲ್ಲಿ ಹೆಚ್ಚು ದಿನ ಇರುವುದು ಮಾತ್ರ ತೀರ್ಥಹಳ್ಳಿಯ ಮನೆಯಲ್ಲಿ. ಹೀಗೆ ಹೋಗಿಬಂದು ದುಡಿಯುವವರು ಮಲೆನಾಡಲ್ಲಿ ಈಗ ನಾನೊಬ್ಬನೇ ಅಲ್ಲ. ಭಾರತದಲ್ಲಿ 182 ದಿನ ಅಥವಾ ಜಾಸ್ತಿ ಇದ್ದರೆ ತೆರಿಗೆಯ ಲೆಕ್ಕದಲ್ಲಿ ನಾವು ಇಲ್ಲಿನ ನಿವಾಸಿ. ಮೊದಲಿಂದಲೂ ಇಲ್ಲೇ ಇದ್ದವರಾದರೆ ಹೊರಗಿನ ಸಂಬಳವನ್ನೂ ಇಲ್ಲಿ ತೋರಿಸಲೇಬೇಕು. ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಕ್ರೆಡಿಟ್ ಸಿಗುತ್ತದೆ, ಅಂದರೆ ಇಲ್ಲಿನ ತೆರಿಗೆಯಲ್ಲಿ ಅದನ್ನು ಕಳೆಯುತ್ತಾರೆ ನಿಜ, ಆದರೆ ಸುಮ್ನೆ ಸಿಗಲ್ಲ. ಫಾರಂ 67 ತುಂಬಿ ಕೇಳಬೇಕು.

ಇದಕ್ಕೆ ನಾನು ಮೂರು ದಾರಿಯನ್ನೂ ನೋಡಿದ್ದೇನೆ. 2022-23ರ ಆದಾಯಕ್ಕೆ ದುಡ್ಡು ಕೊಟ್ಟು ರಿಟರ್ನ್ ಹಾಕುವ ಒಂದು ವೆಬ್‌ಸೈಟ್, 2023-24ಕ್ಕೆ ಶಿವಮೊಗ್ಗದ ಆಡಿಟರ್, 2024-25ಕ್ಕೆ ನಾನೇ.

ವೆಬ್‌ಸೈಟಿನ ವಿಷಯ ಬೇಗ ಮುಗಿಯುತ್ತದೆ. ಅದು ಮೊದಲು ಕೇಳಿದ್ದೇ ಫಾರಂ 16, ಅಂದರೆ ಇಲ್ಲಿನ ಕಂಪನಿಗಳು ಕೊಡುವ ಸಂಬಳ-ತೆರಿಗೆಯ ಚೀಟಿ. ಸಿಂಗಾಪುರದ ಕಂಪನಿ ಅದನ್ನೆಲ್ಲಿ ಕೊಡುತ್ತದೆ? ಅಲ್ಲಿ ಸಿಗುವುದು ಐಆರ್8ಎ ಅನ್ನುವ ಚೀಟಿ. ಹೊರದೇಶದ ಆದಾಯ ಇದ್ದರೆ ಐಟಿಆರ್-1 ಅನ್ನುವ ಸರಳ ರಿಟರ್ನ್ ಫಾರಂ ನಡೆಯಲ್ಲ, ಅದಕ್ಕಿಂತ ಉದ್ದದ ಐಟಿಆರ್-2 ಬೇಕು. ಅದಕ್ಕೆ ಜಾಸ್ತಿ ಬೆಲೆಯ ಪ್ಲಾನ್. ಕೊಂಡೆ. ಆಮೇಲೆ 'ಸಂಬಳ ಎಷ್ಟು ರೂಪಾಯಿ' ಎಂದು ಒಂದು ಖಾಲಿ ಜಾಗ ತೋರಿಸಿತು. ಡಾಲರನ್ನು ಯಾವ ದರದಲ್ಲಿ ರೂಪಾಯಿ ಮಾಡಬೇಕು ಅನ್ನುವುದೇ ಇಡೀ ಕೆಲಸದ ಅರ್ಧ ಅಲ್ವಾ? ಅದು ನನ್ನ ತಲೆಗೇ ಬಂತು. ಫಾರಂ 67 ಕೇಳಿದರೆ 'ಅದನ್ನು ನೀವೇ ಇಲಾಖೆಯ ಪೋರ್ಟಲ್‌ನಲ್ಲಿ ಹಾಕಿಕೊಳ್ಳಿ' ಅಂದರು. ಇಲ್ಲಿನ ಸಂಬಳ, ಒಂದಿಷ್ಟು ಮ್ಯೂಚುವಲ್ ಫಂಡ್ ಇರುವವರಿಗೆ ಇದು ಸಾಕು. ನಮ್ಮಂಥವರಿಗಲ್ಲ.

ಆಡಿಟರ್ ಕಚೇರಿಯಲ್ಲಿ ಅಡಿಕೆ ವ್ಯಾಪಾರಿಗಳದ್ದೇ ಸಾಲು. ಇವರಿಗೆ ಸಿಂಗಾಪುರ ಏನು ಗೊತ್ತಿರುತ್ತೆ ಅನ್ನುವ ಅನುಮಾನದಲ್ಲೇ ಕೂತಿದ್ದೆ. ಅವರು ಸಂಬಳದ ಚೀಟಿ ಮುಟ್ಟಲೇ ಇಲ್ಲ. 'ಪಾಸ್‌ಪೋರ್ಟ್ ಕೊಡಿ' ಅಂದರು. ಬೆಂಗಳೂರು ವಿಮಾನ ನಿಲ್ದಾಣದ ಮುದ್ರೆಗಳನ್ನು ಒಂದೊಂದಾಗಿ ನೋಡಿ, ಒಂದು ಹಾಳೆಯಲ್ಲಿ ಎರಡು ಸಾಲು ಬರೆದರು: ಅಲ್ಲಿ ಕೂತು ಮಾಡಿದ ಕೆಲಸದ ದಿನ, ತೀರ್ಥಹಳ್ಳಿಯಲ್ಲಿ ಕೂತು ಮಾಡಿದ ಕೆಲಸದ ದಿನ. ಸಿಂಗಾಪುರದಲ್ಲಿ 183 ದಿನಕ್ಕಿಂತ ಕಮ್ಮಿ ಇದ್ದವರು ಸಾಮಾನ್ಯವಾಗಿ ಅಲ್ಲಿ ಅನಿವಾಸಿ. ಅಲ್ಲಿ ಮಾಡಿದ ಕೆಲಸದ ಸಂಬಳಕ್ಕೆ 15% ಅಥವಾ ನಿವಾಸಿಗಳ ದರ, ಯಾವುದು ಜಾಸ್ತಿಯೋ ಅಷ್ಟು ತೆರಿಗೆ. ನಮ್ಮ ಕ್ರೆಡಿಟ್ ಕೂಡ ಆ ಭಾಗಕ್ಕೆ ಮಾತ್ರ. ಅದರಲ್ಲೂ ಅಲ್ಲಿ ಕಟ್ಟಿದ್ದು, ಅದೇ ಆದಾಯಕ್ಕೆ ಇಲ್ಲಿ ಬೀಳುವ ತೆರಿಗೆ, ಇವೆರಡರಲ್ಲಿ ಕಮ್ಮಿ ಇರುವಷ್ಟೇ.

ಇದಾದ ಮೇಲೆ ಅವರು ಕೇಳಿದ್ದು: 'ತೋಟ ಯಾರ ಹೆಸರಲ್ಲಿದೆ?' ತೋಟದ ಆದಾಯಕ್ಕೆ ತೆರಿಗೆ ಇಲ್ಲ ಎಂದು ನಾವೆಲ್ಲ ಆರಾಮಾಗಿರುತ್ತೇವೆ. ಆದರೆ ಅದು 5,000 ರೂಪಾಯಿ ದಾಟಿದರೆ, ಉಳಿದ ಆದಾಯದ ತೆರಿಗೆ ದರ ಲೆಕ್ಕ ಹಾಕುವಾಗ ಅದನ್ನೂ ಸೇರಿಸುತ್ತಾರೆ. ಈ ಪ್ರಶ್ನೆ ವೆಬ್‌ಸೈಟಿಗೆ ಹೊಳೆದಿರಲಿಲ್ಲ. ಫೀಸು ಮಾಮೂಲಿಗಿಂತ ಮೂರ್ನಾಲ್ಕು ಪಟ್ಟು, ಗಡುವು ಹತ್ತಿರ ಬಂದರೆ ಫೋನ್ ಎತ್ತುವುದಿಲ್ಲ. ಆದರೂ ಆ ದುಡ್ಡು ದಂಡ ಅನ್ನಿಸಲಿಲ್ಲ.

ಮುಂದಿನ ವರ್ಷ ಆ ಹಾಳೆ ಇಟ್ಟುಕೊಂಡು ನಾನೇ ಕೂತೆ. ತೀರ್ಥಹಳ್ಳಿಯ ಮಳೆಗಾಲದಲ್ಲಿ ಪೋರ್ಟಲ್ ಮೇಲೆ ಆನ್‌ಲೈನ್ ತುಂಬುವ ಸಾಹಸ ಬೇಡ. ಕರೆಂಟು ಹೋಗಿ ಬರುವಷ್ಟರಲ್ಲಿ ಲಾಗಿನ್ ಸತ್ತಿರುತ್ತದೆ. ಇಲಾಖೆಯದೇ ಆಫ್‌ಲೈನ್ ಯುಟಿಲಿಟಿ ಪುಕ್ಕಟೆ ಸಿಗುತ್ತದೆ. ಅದನ್ನು ಇಳಿಸಿಕೊಂಡು, ನಿಧಾನಕ್ಕೆ ತುಂಬಿ, ನೆಟ್ ಸರಿ ಇದ್ದಾಗ ಫೈಲ್ ಏರಿಸಿದರೆ ಆಯಿತು.

ಸಮಯ ತಿಂದಿದ್ದು ಡಾಲರನ್ನು ರೂಪಾಯಿ ಮಾಡುವ ದರ. ಆಯಾ ತಿಂಗಳ ಸಂಬಳಕ್ಕೆ ಹಿಂದಿನ ತಿಂಗಳ ಕೊನೇ ದಿನದ ಎಸ್‌ಬಿಐ ಟಿಟಿ ಬೈಯಿಂಗ್ ದರ (ಬ್ಯಾಂಕು ಹೊರದೇಶದ ಹಣ ಕೊಳ್ಳುವ ದರ) ಹಿಡಿಯಬೇಕು. ಜುಲೈ ಸಂಬಳಕ್ಕೆ 2024ರ ಜೂನ್ 30ರ ದರ ಹುಡುಕಿದರೆ ಅವತ್ತು ಭಾನುವಾರ! ಅದರ ಹಿಂದಿನ ಕೆಲಸದ ದಿನದ್ದನ್ನು ಹಿಡಿದೆ. ಹಳೇ ದರಪಟ್ಟಿ ಬೇಕೆಂದಾಗ ಸಿಗುವುದೂ ಕಷ್ಟ. ಈಗ ಪ್ರತಿ ತಿಂಗಳ ಕೊನೆಗೆ ಅದನ್ನು ಇಳಿಸಿ ಇಟ್ಟುಕೊಳ್ಳುತ್ತೇನೆ.

ಅಲ್ಲಿನ ಬ್ಯಾಂಕ್ ಖಾತೆಯನ್ನು ರಿಟರ್ನ್‌ನ ಷೆಡ್ಯೂಲ್ ಎಫ್‌ಎಯಲ್ಲಿ, ಅಂದರೆ ಹೊರದೇಶದ ಆಸ್ತಿಯ ಪಟ್ಟಿಯಲ್ಲಿ ತೋರಿಸಬೇಕು, ಅದಕ್ಕೆ ಮಾತ್ರ ಜನವರಿಯಿಂದ ಡಿಸೆಂಬರ್ ಲೆಕ್ಕ. ಮುಚ್ಚಿಟ್ಟರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡ. 2024ರ ಅಕ್ಟೋಬರ್ 1ರಿಂದ ಒಟ್ಟು 20 ಲಕ್ಷದೊಳಗಿನ ಆಸ್ತಿಗೆ, ಮನೆ-ಜಮೀನು ಬಿಟ್ಟು, ಆ ದಂಡ ಇಲ್ಲ. ಹಾಗಂತ ತೋರಿಸುವುದು ತಪ್ಪುವುದಿಲ್ಲ.

ಒಂದೇ ಕಡೆ ಸಿಕ್ಕಿಬಿದ್ದೆ. ಸಿಂಗಾಪುರದ ತೆರಿಗೆ ವರ್ಷ ಜನವರಿ-ಡಿಸೆಂಬರ್, ನಮ್ಮದು ಏಪ್ರಿಲ್-ಮಾರ್ಚ್. 2025ರ ಜನವರಿಯಿಂದ ಮಾರ್ಚ್‌ವರೆಗಿನ ಸಂಬಳದ ತೆರಿಗೆ ಅಲ್ಲಿ ತೀರ್ಮಾನವಾಗುವುದು 2026ರಲ್ಲಿ, ಅದರ ನೋಟಿಸ್ ಬರುವುದು ಏಪ್ರಿಲ್ ಕೊನೆಯಿಂದ ಈಚೆಗೆ. ನಮ್ಮ ಫಾರಂ 67ರ ಗಡುವು 2026ರ ಮಾರ್ಚ್ 31ಕ್ಕೇ ಮುಗಿಯುತ್ತದೆ. ಇಷ್ಟಕ್ಕೆ ಮಾತ್ರ ಮತ್ತೆ ಆಡಿಟರ್ ಹತ್ತಿರ ಹೋದೆ. 'ಕಟ್ಟಿದ ದಾಖಲೆ ಕೈಯಲ್ಲಿಲ್ಲದ ತೆರಿಗೆಗೆ ಕ್ರೆಡಿಟ್ ಕೇಳೋದು ಬೇಡ' ಅಂದರು. ಒಂಬತ್ತು ತಿಂಗಳದ್ದಕ್ಕಷ್ಟೇ ಕೇಳಿದೆ. ಹೊಟ್ಟೆ ಉರಿಯಿತು, ಆದರೆ ರಿಟರ್ನ್ ತಕರಾರಿಲ್ಲದೆ ಮುಗಿಯಿತು.

ಮೊದಲ ಸಲದವರು ಆಡಿಟರ್ ಹತ್ತಿರವೇ ಹೋಗಿ, ಅವರು ಮಾಡಿದ ಲೆಕ್ಕದ ಹಾಳೆ ಕೇಳಿ ಇಸ್ಕೊಳ್ಳಿ. ಎರಡನೇ ವರ್ಷದಿಂದ ನೀವೇ ಮಾಡಬಹುದು. ನಾನಂತೂ 2026-27ರ ಆದಾಯಕ್ಕೆ ಮತ್ತೆ ಅವರ ಮುಂದೆ ಕೂರುತ್ತೇನೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಶುರು, ಸೆಕ್ಷನ್ ಸಂಖ್ಯೆಗಳೇ ಬೇರೆ. ಹಳೇ ಹಾಳೆ ಅಲ್ಲಿಗೆ ಸಾಲುವುದಿಲ್ಲ.