ಮಲೆನಾಡಿನ ಕೋಣೆಗೆ ಗಾರೆ ನೆಲವೇ ಸರಿ

ಬೆಂಗಳೂರಿನ ಫ್ಲಾಟಿನಲ್ಲಿ ಒಂದು ಕೋಣೆಗಾದರೂ ತೀರ್ಥಹಳ್ಳಿ ಕಡೆಯ ಜಗಲಿಯ ಕಳೆ ಬರಬೇಕು ಎಂದರೆ ಮೊದಲು ನೆಲ ನೋಡಿ, ಆಮೇಲೆ ಗಿಡ. ನಮ್ಮ ಮನೆಯ ಹಾಲಿಗೆ ಆತಂಗುಡಿ ಟೈಲು, ಓದುವ ಕೋಣೆಗೆ ಕೆಂಪು ಗಾರೆ. ಎರಡರ ಮೇಲೂ ಓಡಾಡಿಕೊಂಡೇ ಹೇಳುತ್ತಿದ್ದೇನೆ: ಮಲೆನಾಡು ಬೇಕಿದ್ದರೆ ಗಾರೆಯೇ.

ಆತಂಗುಡಿಗೆ ಚಂದ ಕಮ್ಮಿಯೇನಿಲ್ಲ. ತಮಿಳುನಾಡಿನ ಶಿವಗಂಗೆ ಜಿಲ್ಲೆಯಲ್ಲಿ ಗಾಜಿನ ಮೇಲೆ ಅಚ್ಚಿಟ್ಟು, ಬಣ್ಣದ ಸಿಮೆಂಟು ಹುಯ್ದು, ನೀರಲ್ಲಿ ನೆನೆಸಿ ಒಣಗಿಸುವ ಟೈಲು ಅದು. ಭಟ್ಟಿಯಲ್ಲಿ ಸುಡುವುದಿಲ್ಲ, ಆ ನುಣುಪು ಗಾಜಿನಿಂದ ಬಂದದ್ದು. ಆದರೆ ಹೂವು, ನಕ್ಷತ್ರ, ಬಳ್ಳಿ ಎಲ್ಲ ನೆಲದಲ್ಲೇ ತುಂಬಿಕೊಂಡಿರುವುದರಿಂದ ಪಕ್ಕದಲ್ಲಿಟ್ಟ ಗಿಡ ಕಣ್ಣಿಗೇ ಬೀಳುವುದಿಲ್ಲ. ಅಲ್ಲಿನ ಚೆಟ್ಟಿನಾಡು ಮನೆಗಳ ದೊಡ್ಡ ಹಜಾರಕ್ಕೆ ಅದು ಒಪ್ಪುತ್ತದೆ. ಕಪ್ಪು ಅಂಚಿನ ಬರಿಯ ಕೆಂಪು ನೆಲದ ಮೇಲೆ ಇಟ್ಟ ಒಂದೇ ಕುಂಡದ ಹಸಿರು ಮಾತ್ರ ಬಾಗಿಲಿಂದಲೇ ಎದ್ದು ಕಾಣುತ್ತದೆ.

ಇನ್ನು ಗಾರೆಯ ತಲೆನೋವು ಕೇಳಿ. ಬಣ್ಣ ಬೆರೆಸಿದ ಸಿಮೆಂಟನ್ನು ತೆಳುವಾಗಿ ಎಳೆದು, ಹೊಳಪು ಬರುವ ತನಕ ಕರಣೆಯಲ್ಲಿ ಉಜ್ಜುವ ಕೈ ಈಗ ಸಿಗುವುದೇ ಕಷ್ಟ. ಹಳೆಯ ಮೇಸ್ತ್ರಿಯೊಬ್ಬರು ಸಿಕ್ಕರು, ಕೆಲಸ ಚೊಕ್ಕವಾಗಿಯೇ ಆಯಿತು. ಕಾಟ ಶುರುವಾದದ್ದು ಆಮೇಲೆ, ಸಿಮೆಂಟು ಗಟ್ಟಿಯಾಗುವ ತನಕ ಒಣಗಲು ಬಿಡದೆ ನೀರುಣಿಸುವ ಕ್ಯೂರಿಂಗಿನಲ್ಲಿ.

ಹಳ್ಳಿ ಮನೆಯಾದರೆ ಬಾಗಿಲಿಗೆ ಮಣ್ಣಿನ ಕಟ್ಟೆ ಕಟ್ಟಿ, ವಾರವಾದರೂ ನೀರು ನಿಲ್ಲಿಸಿಬಿಡುತ್ತಾರೆ. ಮೂರನೇ ಮಹಡಿಯಲ್ಲಿ ನೀರು ನಿಲ್ಲಿಸಿದರೆ ಕೆಳಗಿನ ಮನೆಯವರ ಸೂರು ಒದ್ದೆ. ಗೋಣಿತಾಟು ಹೊದಿಸೋಣವೆಂದರೆ ಅದರ ಬಣ್ಣ ನೆಲಕ್ಕೆ ಇಳಿಯುತ್ತದೆ ಎಂದು ಮೇಸ್ತ್ರಿ ಬೇಡವೆಂದರು. ಕೊನೆಗೆ ಹಳೆಯ ಬಿಳಿ ಪಂಚೆಗಳನ್ನು ನೆನೆಸಿ ಹಾಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಹಗಲೂ ರಾತ್ರಿ ನೀರು ಚಿಮುಕಿಸುತ್ತ ಕೂತದ್ದಾಯಿತು. ಅಷ್ಟಾದರೂ ಬಾಗಿಲ ಹತ್ತಿರ ಪಂಚೆಯ ಅಂಚು ಮಡಚಿಕೊಂಡ ಕಡೆ ಬೇಗ ಒಣಗಿ, ಅಂಗೈಯಗಲ ನೆಲ ಬಿಳಿಚಿಕೊಂಡಿತು. ಎಷ್ಟು ಮೇಣ ತಿಕ್ಕಿದರೂ ಅದು ಕೆಂಪಾಗಲಿಲ್ಲ. ಮೊದಮೊದಲು ಅಂಗಾಲಿಗೆ, ಪೈಜಾಮದ ಅಂಚಿಗೆಲ್ಲ ಕೆಂಪು ಹತ್ತುತ್ತಿತ್ತು. ಗಾಜಿನ ಪಟ್ಟಿ ಕೊಟ್ಟು ನೆಲವನ್ನು ಚೌಕಗಳಾಗಿ ವಿಂಗಡಿಸಿದ್ದರಿಂದ ಬಿರುಕು ಮಾತ್ರ ಬರಲಿಲ್ಲ. ಇದನ್ನು ಮೇಸ್ತ್ರಿಗೆ ಮೊದಲೇ ಹೇಳಿಡಿ.

ಆತಂಗುಡಿಗೆ ಈ ಗೋಳಿಲ್ಲ. ಆದರೆ ನಿಂಬೆರಸ ಬಿದ್ದರೆ ಕಲೆ ಉಳಿಯುತ್ತದೆ, ಆಸಿಡ್ ಹಾಕಿ ಒರೆಸುವ ಹಾಗೇ ಇಲ್ಲ.

ಗಿಡಗಳ ವಿಷಯದಲ್ಲಿ ಜರಿಗಿಡಕ್ಕಿಂತ ಕಾಳುಮೆಣಸಿನ ಬಳ್ಳಿಗೇ ನನ್ನ ವೋಟು. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಜರಿ, ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಗೆ ತುದಿಯಿಂದಲೇ ಕರಟುತ್ತ ಬಂತು. ಮೆಣಸಿನ ಬಳ್ಳಿ ತೆಂಗಿನ ನಾರು ಸುತ್ತಿದ ಕೋಲನ್ನು ತಬ್ಬಿಕೊಂಡು, ಅರೆನೆರಳಲ್ಲೇ ಕಿಟಕಿಯ ಎತ್ತರಕ್ಕೆ ಹೋಗಿದೆ. ಮರದ ಮೇಲೆ ಬೆಳೆಯುವ ಆರ್ಕಿಡ್ ಸೀತಾಳೆ ದಂಡೆ ಬೇಕೆಂದರೆ ನರ್ಸರಿಯದನ್ನೇ ತನ್ನಿ, ದಯವಿಟ್ಟು ಕಾಡಿನ ಮರದಿಂದ ಕಿತ್ತು ತರಬೇಡಿ.

ಗೋಡೆಗೆ ಹಸೆ ಚಿತ್ತಾರ. ಸಾಗರದ ಕಡೆ ದೀವರ ಹೆಂಗಸರು ಕೆಮ್ಮಣ್ಣಿನ ಮೇಲೆ ಅಕ್ಕಿಯ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಎಳೆಯುವ ಆ ಗೆರೆಗಳ ಎದುರು ಪ್ರಿಂಟ್ ಹಾಕಿಸಿದ ವಾಲ್‌ಪೇಪರ್ ಸಪ್ಪೆ.

ನಾನು ನೆಲದ ಮೇಲೆ ಕೂತು ಓದುವವಳು, ನೆಲ ಒರೆಸುವುದೂ ನಾನೇ, ಬರಿ ನೀರಿನಲ್ಲಿ. ಆತಂಗುಡಿಗೆ ಲಾರಿ ಬಾಡಿಗೆಯೂ ಸೇರಿ ಆದ ಖರ್ಚಿಗಿಂತ ಗಾರೆಗೆ ಕಮ್ಮಿಯಾಯಿತು. ಕೋಣೆಯನ್ನು ಎರಡು ವಾರ ಖಾಲಿ ಬಿಡಲಾಗದವರು ಟೈಲನ್ನೇ ಹಾಕಿಸಿಕೊಳ್ಳಿ, ಹೂವಿಲ್ಲದ ಒಂದೇ ಬಣ್ಣದ್ದನ್ನು ಕೇಳಿ. ಬಾಡಿಗೆ ಮನೆಯವರಿಗೆ ಎರಡೂ ಬೇಡ. ಹಲಗೆಯ ಮೇಲೆ ಬರೆಸಿದ ಒಂದು ಚಿತ್ತಾರ, ಕುಂಡದಲ್ಲಿ ಒಂದು ಮೆಣಸಿನ ಬಳ್ಳಿ ಸಾಕು, ಮನೆ ಬದಲಿಸುವಾಗ ಜೊತೆಗೇ ಒಯ್ಯಬಹುದು.